ಎಂ. ಎಸ್. ಸತ್ಯು: ಎರಡು ಭಾಷೆಗಳ ನಿರ್ದೇಶಕ

ಮುಂಬಯಿ ಕನ್ನಡ ಸಂಸ್ಕೃತಿಯ ಚರ್ಚೆ ಬಂದಾಗಲೆಲ್ಲ ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ ಮೊದಲಾದವರ ಹೆಸರುಗಳು ಸಹಜವಾಗಿಯೇ ಮುಂದೆ ಬರುತ್ತವೆ. ನಗರದ ಅನುಭವವನ್ನು ಕನ್ನಡದ ಅನುಭವವನ್ನಾಗಿ ಮಾಡಿದವರು ಅವರು. ಆದರೆ ಈ ಪಟ್ಟಿ ಬಹುಮಟ್ಟಿಗೆ ಅಕ್ಷರದಲ್ಲಿ ಬರೆದವರಿಗೇ ಸೀಮಿತವಾಗಿದೆ. ವಿಲೆ ಪಾರ್ಲೆಯ ಪಶ್ಚಿಮಕ್ಕೆ, ಕಡಲ ಅಂಚಿನ ಜುಹುವಿನಲ್ಲಿ ಕವಿ ಕೈಫಿ ಆಜ್ಮಿ, ನಟ ಬಲರಾಜ್ ಸಾಹನಿ ಅವರು ನೆಲೆಸಿದ್ದ ಕಾಲದಲ್ಲಿ ಒಂದು ಕಲಾಪರಂಪರೆ ಬೆಳೆಯಿತು. ಅದರೊಡನೆ ನಿಕಟವಾಗಿ ದುಡಿದ ಮೈಸೂರಿನ ಎಂ. ಎಸ್. ಸತ್ಯು ಅವರಿಗೆ ಕನ್ನಡ ಅಧ್ಯಯನದಲ್ಲಿ ಎಷ್ಟು ಸ್ಥಾನ ದೊರೆತಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1930ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯು 1952ರಲ್ಲಿ ವಿಜ್ಞಾನದ ಪದವಿ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮುಂಬಯಿಯ ಹಾದಿ ಹಿಡಿದರು. ಕೆಲಕಾಲ ಚಲಿಸುವ ಚಿತ್ರಗಳನ್ನು ಬರೆದು, ಮುಂದೆ ಹಲವು ವರ್ಷ ನಿರುದ್ಯೋಗವನ್ನೂ ಉಂಡು, ಕೊನೆಗೆ ಚೇತನ್ ಆನಂದ್ ಅವರ ಸಹಾಯಕರಾದರು. 1964ರ 'ಹಕೀಕತ್' ಚಿತ್ರದ ಕಲಾನಿರ್ದೇಶನಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಇಪ್ಟಾದ ರಂಗಭೂಮಿ ಅವರ ಇನ್ನೊಂದು ಪಾಠಶಾಲೆ. ಆ ಸಂಸ್ಥೆಗಾಗಿ ಅವರು ನಿರ್ದೇಶಿಸಿದ 'ಬಕ್ರಿ' ರಾಜಕೀಯ ವಿಡಂಬನೆಗೆ ಹೆಸರಾಯಿತು.

'ಗರ್ಮ್ ಹವಾ' ಈ ಜೀವನದ ಮಧ್ಯಬಿಂದು. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಯೊಂದನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ದೇಶ ಇಬ್ಭಾಗವಾದ ಮೇಲೆ ಆಗ್ರಾದಲ್ಲೇ ಉಳಿದ ಪಾದರಕ್ಷೆ ತಯಾರಕ ಸಲೀಂ ಮಿರ್ಜಾ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಅಣ್ಣ ಗಡಿ ದಾಟುತ್ತಾನೆ. ಹಿರಿಯರ ಹವೇಲಿ ಕೈತಪ್ಪುತ್ತದೆ. ವ್ಯಾಪಾರಕ್ಕೆ ಸಾಲ ಹುಟ್ಟುವುದಿಲ್ಲ. ಮಗಳು ಪ್ರಾಣ ಬಿಡುತ್ತಾಳೆ. ಕೊನೆಗೆ ಊರು ಬಿಡಲು ಜಟಕಾ ಹತ್ತಿದವನು ದಾರಿಯಲ್ಲಿ ನಿರುದ್ಯೋಗಿಗಳ ಮೆರವಣಿಗೆಯನ್ನು ಕಂಡು, ಮಗನನ್ನು ಅದರೊಳಗೆ ಕಳುಹಿಸಿ, ತಾನೂ ಇಳಿದು ಸೇರಿಕೊಳ್ಳುತ್ತಾನೆ. ಮಿರ್ಜಾನ ಪಾತ್ರ ವಹಿಸಿದ ಬಲರಾಜ್ ಸಾಹನಿ ಧ್ವನಿಮುದ್ರಣ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ತೀರಿಕೊಂಡರು.

ಚಲನಚಿತ್ರ ಹಣಕಾಸು ನಿಗಮ ಕೊಟ್ಟದ್ದು ಎರಡೂವರೆ ಲಕ್ಷ ರೂಪಾಯಿ. ಉಳಿದದ್ದು ಸ್ನೇಹಿತರಿಂದ ತಂದ ಸಾಲ. ಕೋಮುಭಾವನೆ ಕೆರಳೀತೆಂಬ ಶಂಕೆಯಿಂದ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಇಲ್ಲೊಂದು ಸಂಗತಿ ಕನ್ನಡಿಗರ ವಿಶೇಷ ಗಮನಕ್ಕೆ ಅರ್ಹ. ಈ ಉರ್ದು ಚಿತ್ರಕ್ಕೆ ಮೊದಲು ತೆರೆ ಒದಗಿದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಅಲ್ಲಿ ದೊರೆತ ಮನ್ನಣೆಯಿಂದಲೇ ದೇಶದ ಉಳಿದೆಡೆಗಳ ಬಾಗಿಲು ತೆರೆಯಿತು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ಪ್ರಶಸ್ತಿಯೂ ಬಳಿಕ ಸಂದಿತು.

ಇಂಥ ಕೃತಿ ಕನ್ನಡ ಅಧ್ಯಯನದ ಆಚೆ ಉಳಿಯಲು ಕಾರಣ ಸ್ಪಷ್ಟ: ಅದರ ಮಾತು ಕನ್ನಡವಲ್ಲ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾಷೆಯೇ ಆಧಾರವಾಗಿರುವ ವಿಭಾಗವೊಂದು ಕನ್ನಡಿಗರು ಮಾಡಿದ್ದೆಲ್ಲ ಕನ್ನಡವೇ ಎಂದು ಹೇಳತೊಡಗಿದರೆ ಅದು ಅಭಿಮಾನವಾದೀತೇ ಹೊರತು ಅಧ್ಯಯನವಾಗದು. ಆದರೆ ಸತ್ಯು ಅವರ ಉರ್ದುವನ್ನು ಕನ್ನಡದಿಂದ ದೂರ ಸರಿದುದರ ಗುರುತೆಂದು ಓದುವುದೂ ಅಷ್ಟೇ ತಪ್ಪು.

ಪಶ್ಚಿಮ ಆಫ್ರಿಕದ ನಿದರ್ಶನವೊಂದು ಇಲ್ಲಿ ಬೆಳಕು ಚೆಲ್ಲಬಲ್ಲದು. ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ (1923–2007) ಫ್ರೆಂಚಿನಲ್ಲಿ ಬರೆದು ಹೆಸರು ಪಡೆದ ಕಾದಂಬರಿಕಾರ. ತನ್ನ ಜನರಲ್ಲಿ ಬಹುಪಾಲು ಮಂದಿ ಆ ಪುಸ್ತಕಗಳನ್ನು ಓದಲಾರರೆಂದು ಅರಿತು ಚಲನಚಿತ್ರಕ್ಕೆ ತಿರುಗಿದ. 1968ರ 'ಮಂಡಾಬಿ'ಯಲ್ಲಿ ಅವನ ಪಾತ್ರಗಳು ವೊಲೋಫ್ ಭಾಷೆಯನ್ನಾಡಿದವು. ಫ್ರೆಂಚ್ ನೆರವಿನ ಷರತ್ತಿಗಾಗಿ ಅದೇ ಚಿತ್ರ ಫ್ರೆಂಚಿನಲ್ಲೂ ತಯಾರಾಗಬೇಕಾಯಿತು. ಸೆಂಬೆನ್ ಪರಭಾಷೆಯಿಂದ ಮನೆಮಾತಿನತ್ತ ನಡೆದರೆ ಸತ್ಯು ಮನೆಮಾತಿನಿಂದ ಪರಭಾಷೆಯತ್ತ ನಡೆದರು. ದಿಕ್ಕು ಬೇರೆಯಾದರೂ ತತ್ತ್ವ ಒಂದೇ: ಚಿತ್ರದ ಭಾಷೆಯನ್ನು ನಿರ್ಧರಿಸಬೇಕಾದುದು ನಿರ್ದೇಶಕನ ಹುಟ್ಟಲ್ಲ, ಪಾತ್ರದ ಬದುಕು. ಆಗ್ರಾದ ಮಿರ್ಜಾ ಉರ್ದುವಿನಲ್ಲಲ್ಲದೆ ಬೇರೆ ಯಾವ ಭಾಷೆಯಲ್ಲಿ ನೋಯಬೇಕಿತ್ತು?

ಅದೇ ತತ್ತ್ವ ಅವರನ್ನು ಕನ್ನಡಕ್ಕೂ ಕರೆತಂದಿತು. 'ಕನ್ನೇಶ್ವರ ರಾಮ' (1977), 'ಚಿತೆಗೂ ಚಿಂತೆ' (1978) ಇವುಗಳ ಬಳಿಕ ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ 'ಬರ' ಬಂದಿತು. ಬರಪೀಡಿತ ಪ್ರದೇಶವೆಂಬ ಘೋಷಣೆ ತನ್ನ ಜಿಲ್ಲೆಗೆ ದೊರೆಯಲೆಂದು ಹೆಣಗುವ ಪ್ರಾಮಾಣಿಕ ಅಧಿಕಾರಿ, ಹಸಿವನ್ನೂ ಲಾಭವಾಗಿಸಿಕೊಳ್ಳುವ ರಾಜಕಾರಣದೆದುರು ಒಂಟಿಯಾಗುತ್ತಾನೆ. ಅದು ಹಿಂದಿಯಲ್ಲಿ 'ಸೂಖಾ' ಎಂಬ ಹೆಸರಿನಿಂದ ಬಂದು ಭಾವೈಕ್ಯದ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. 2010ರ 'ಇಜ್ಜೋಡು' ಕೂಡ ಕನ್ನಡದ್ದೇ. ಮಿರ್ಜಾನನ್ನೂ ಬರದ ಜಿಲ್ಲೆಯ ಅಧಿಕಾರಿಯನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಒಂದೇ ಪ್ರಶ್ನೆ ಎರಡು ಭಾಷೆಗಳಲ್ಲಿ ಕೇಳಿಸುತ್ತದೆ: ವ್ಯವಸ್ಥೆ ಕೈಬಿಟ್ಟ ಮನುಷ್ಯ ನಿಂತ ನೆಲದಲ್ಲಿ ನಿಲ್ಲುವುದು ಹೇಗೆ? 'ಬರ'ವನ್ನು ಮಾತ್ರ ಓದಿ 'ಗರ್ಮ್ ಹವಾ'ವನ್ನು ಬಿಡುವ ಅಭ್ಯಾಸಿ ಈ ಪ್ರಶ್ನೆಯ ಅರ್ಧವನ್ನಷ್ಟೇ ಕೇಳಿದಂತೆ.

ಮುಂಬಯಿಯಲ್ಲಿ ಕನ್ನಡ ಎಂದೂ ಏಕಾಂಗಿಯಾಗಿ ಬಾಳಿದ ಭಾಷೆಯಲ್ಲ. ಮರಾಠಿ, ಗುಜರಾತಿ, ಉರ್ದುಗಳ ಪಕ್ಕದಲ್ಲಿ ಕೊಟ್ಟೂ ಕೊಂಡೂ ಬೆಳೆದ ಭಾಷೆ ಅದು. ಇಂಥ ನಗರದ ಸಂಶೋಧನೆ, ಲೇಖಕನೊಬ್ಬನ ಕನ್ನಡೇತರ ಕೃತಿಗಳನ್ನು ಬದಿಗಿಟ್ಟು ಉಳಿದ ಭಾಗವನ್ನೇ ಪೂರ್ಣವೆಂದು ತಿಳಿಯುವುದು ಉಚಿತವಲ್ಲ. ಸತ್ಯು ಅವರ ಕನ್ನಡ ಮತ್ತು ಉರ್ದು ಕೃತಿಗಳ ತೌಲನಿಕ ಅಧ್ಯಯನವನ್ನು ಕೈಗೊಳ್ಳುವ ವಿದ್ಯಾರ್ಥಿ ಉರ್ದುವನ್ನು ಸ್ವಲ್ಪವಾದರೂ ಕಲಿಯಬೇಕಾದೀತು. ಅದು ಕನ್ನಡಕ್ಕೆ ನಷ್ಟವಲ್ಲ. ಮುಂಬಯಿಯಲ್ಲಿ ಕನ್ನಡ ಬಾಳಿದ ರೀತಿಯೇ ಅದು.