ನವಿರು ಕೂದಲಿಗೆ ನೀರಿಲ್ಲದ ಶಾಂಪೂ

ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒಣಗಿಸಿ, ಚೆನ್ನಾಗಿ ಬಾಚಿಕೊಂಡು ಹೊರಟಿರುತ್ತೀರಿ. ಸಂಜೆ ಮನೆಗೆ ಬಂದು ಕನ್ನಡಿ ನೋಡಿದರೆ ಕೂದಲೆಲ್ಲ ನೆತ್ತಿಗೆ ಅಂಟಿಕೊಂಡು ಕೂತಿರುತ್ತದೆ. ಮರುದಿನವಂತೂ ಮೂರು ದಿನ ಸ್ನಾನ ಕಾಣದ ತಲೆಯ ಹಾಗೆ. ದಿನಾ ತಲೆಗೆ ನೀರು ಹಾಕಿಕೊಳ್ಳಲು ಸಮಯವೂ ಇಲ್ಲ, ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ನೀರೂ ಇಲ್ಲ. ಹೀಗಾಗಿ ಅಂಗಡಿಯಲ್ಲಿ ಸಿಗುವ ಡ್ರೈ ಶಾಂಪೂ ಕಡೆಗೆ ಕಾಲೇಜು ಹುಡುಗಿಯರ ಕಣ್ಣು ಹೋಗಿದೆ. ಅವರ ಹಿಂದೆಯೇ ಅಮ್ಮಂದಿರದ್ದೂ. ಕೊಳ್ಳುವ ಮೊದಲು ಒಂದಿಷ್ಟು ತಿಳಿದುಕೊಳ್ಳೋಣ.

ನಾವು ‘ತೆಳು ಕೂದಲು’ ಎಂದು ಒಂದೇ ಮಾತಿನಲ್ಲಿ ಹೇಳುವುದು ನಿಜವಾಗಿ ಎರಡು ಬೇರೆ ಸಂಗತಿ. ಒಂದೊಂದು ಎಳೆಯೂ ನವಿರಾಗಿರುವುದು ಒಂದು. ತಲೆಯಲ್ಲಿ ಎಳೆಗಳ ಸಂಖ್ಯೆಯೇ ಕಡಿಮೆ ಇರುವುದು ಇನ್ನೊಂದು. ನವಿರು ಕೂದಲಿನವರಿಗೆ ತಲೆ ತುಂಬ ಕೂದಲಿರಬಹುದು, ಆದರೂ ಜಡೆ ಹೆಣೆದರೆ ಇಲಿಬಾಲ. ಉದುರಿದ ಒಂದು ಎಳೆಯನ್ನು ಹೊಲಿಗೆ ದಾರದ ಪಕ್ಕ ಇಟ್ಟು ನೋಡಿ. ದಾರದ ಮುಂದೆ ಅದು ಕಂಡೂ ಕಾಣದಂತಿದ್ದರೆ, ಬೆರಳ ನಡುವೆ ಉಜ್ಜಿದಾಗ ಇದೆಯೋ ಇಲ್ಲವೋ ಎನಿಸಿದರೆ ನಿಮ್ಮದು ನವಿರು ಕೂದಲು. ಡ್ರೈ ಶಾಂಪೂ ಕೆಲಸಕ್ಕೆ ಬರುವುದು ಇವರಿಗೆ. ಎರಡನೆಯವರ ವಿಷಯ ಕೊನೆಗೆ ಬರುತ್ತೇನೆ, ಅದೇ ಹೆಚ್ಚು ಮುಖ್ಯ.

ನೆತ್ತಿಯ ಚರ್ಮ ಸದಾ ಸ್ವಲ್ಪ ಜಿಡ್ಡು ಸ್ರವಿಸುತ್ತದೆ. ಗುಂಗುರು ಕೂದಲಲ್ಲಿ ಅದು ಮೆಲ್ಲಗೆ ಸಾಗುತ್ತದೆ. ನೇರ, ನವಿರು ಎಳೆಯ ಮೇಲಾದರೆ ಜಾರಿಕೊಂಡು ಬೇಗ ಕೆಳಗಿಳಿಯುತ್ತದೆ. ಎಳೆಗೆ ತಾನಾಗಿ ಎದ್ದು ನಿಲ್ಲುವ ಬಿಗಿಯೂ ಇಲ್ಲ. ಜಿಡ್ಡು ತಾಗಿದೊಡನೆ ನಾಲ್ಕಾರು ಎಳೆಗಳು ಒಂದಕ್ಕೊಂದು ಅಂಟಿ ಮಲಗಿಬಿಡುತ್ತವೆ. ಡ್ರೈ ಶಾಂಪೂವಿನಲ್ಲಿರುವ ಪುಡಿ ಈ ಜಿಡ್ಡನ್ನು ಹೀರಿ, ಎಳೆಗಳ ನಡುವೆ ಕೂತು ಸ್ವಲ್ಪ ಒರಟುತನ ಕೊಡುತ್ತದೆ. ಅದಕ್ಕೇ ಕೂದಲು ಎದ್ದಂತೆ ಕಾಣುವುದು. ತೊಳೆಯುವ ಕೆಲಸ ಅದು ಮಾಡುವುದಿಲ್ಲ. ಬೆವರು, ಧೂಳು, ಹೊಟ್ಟು ಎಲ್ಲ ಅಲ್ಲೇ ಇರುತ್ತವೆ, ಜೊತೆಗೆ ಪುಡಿಯೂ. ಅಂದ ಹಾಗೆ ‘ಶಾಂಪೂ’ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ. ಹಿಂದಿಯ ‘ಚಾಂಪೋ’, ಅಂದರೆ ಒತ್ತು, ತಿಕ್ಕು. ಮೂಲದ ಶಾಂಪೂವಿನಲ್ಲೂ ನೀರಿನ ಮಾತಿರಲಿಲ್ಲ! ಕೂದಲಿಗೆ ಪುಡಿ ಹಾಕುವುದೂ ಹೊಸದಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರು ಪಿಷ್ಟದ ಪುಡಿ ಸುರಿದುಕೊಳ್ಳುತ್ತಿದ್ದರು. 1795ರಲ್ಲಿ ಸರ್ಕಾರ ಅದಕ್ಕೂ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿತು.

ಈಗ ಆಯ್ಕೆಯ ಮಾತು. ಡಬ್ಬಿಯ ಮುಂಭಾಗದಲ್ಲಿ ಬರೆದ ‘ವಾಲ್ಯೂಮ್’, ‘ಫ್ರೆಶ್’ ಇತ್ಯಾದಿಗಳನ್ನು ಬಿಟ್ಟು ಹಿಂದಿರುವ ಪದಾರ್ಥಗಳ ಪಟ್ಟಿ ಓದಿ. ನವಿರು ಕೂದಲಿಗೆ ಅಕ್ಕಿಯ ಪಿಷ್ಟ, ಅಂದರೆ ರೈಸ್ ಸ್ಟಾರ್ಚ್ ಇರುವುದು ಒಳ್ಳೆಯದು. ಕಾರಣ ಸರಳ. ನವಿರು ಕೂದಲಿನ ದಪ್ಪ ಸುಮಾರು 50 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಅಕ್ಕಿ ಪಿಷ್ಟದ ಕಣ ಸುಮಾರು 3ರಿಂದ 8 ಮೈಕ್ರಾನ್ ಮಾತ್ರ. ಮೆಕ್ಕೆಜೋಳದ್ದು 20ರ ಹತ್ತಿರ ಹೋಗುತ್ತದೆ, ಆಲೂಗಡ್ಡೆಯದಂತೂ 100ರವರೆಗೂ ಇರಬಹುದು. ಕೂದಲಿಗಿಂತ ಕಣವೇ ದಪ್ಪವಾದರೆ ತಲೆಗೆ ಹಿಟ್ಟು ಮೆತ್ತಿದಂತೆ ಕಾಣದೆ ಇನ್ನೇನು? ಅಕ್ಕಿಯ ಬದಲು ‘ಸಿಲಿಕಾ’ ಎಂದಿದ್ದರೆ ಅದೂ ಹಗುರವೇ, ಜಿಡ್ಡು ಚೆನ್ನಾಗಿ ಹೀರುತ್ತದೆ. ಆದರೆ ಒಣ ತ್ವಚೆಯವರಿಗೆ ನೆತ್ತಿ ಬಿರುಸಾಗಬಹುದು. ಆರ್ಗನ್ ಎಣ್ಣೆ, ಡೈಮೆಥಿಕೋನ್ ಮುಂತಾದವು ಪಟ್ಟಿಯ ಮೇಲ್ಭಾಗದಲ್ಲೇ ಇದ್ದರೆ ಬಿಡಿ. ಒರಟು ಕೂದಲಿನವರಿಗೆ ಅವು ಇಷ್ಟವಾಗಬಹುದು, ನಿಮ್ಮ ಕೂದಲನ್ನು ಮತ್ತೆ ಮಲಗಿಸುತ್ತವೆ.

ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೊಂದು ತೊಂದರೆ. ಸಾದಾ ಪಿಷ್ಟಕ್ಕೆ ಬೆವರು ಸೇರಿದರೆ ಆಗುವುದು ಗಂಜಿ. ಬಟ್ಟೆಗೆ ಹಾಕುತ್ತೇವಲ್ಲ, ಅದೇ. ‘ಅಲ್ಯೂಮಿನಿಯಂ ಸ್ಟಾರ್ಚ್ ಆಕ್ಟೆನೈಲ್ ಸಕ್ಸಿನೇಟ್’ ಎಂಬ ಉದ್ದ ಹೆಸರು ಪಟ್ಟಿಯಲ್ಲಿದ್ದರೆ ಹೆದರಬೇಡಿ. ನೀರನ್ನು ದೂರವಿಟ್ಟು ಎಣ್ಣೆಯನ್ನಷ್ಟೇ ಹೀರುವಂತೆ ಮಾರ್ಪಡಿಸಿದ ಪಿಷ್ಟ ಅದು. ಸೆಕೆಯ ಊರಿಗೆ ಅದೇ ವಾಸಿ.

ಬಣ್ಣ ಮರೆಯಬೇಡಿ. ನಮ್ಮ ಕಪ್ಪು ಕೂದಲ ಮೇಲೆ ಬಿಳಿ ಪುಡಿ ವಿಭೂತಿಯಂತೆ ಎದ್ದು ಕಾಣುತ್ತದೆ. ಗಾಢ ಬಣ್ಣದ ಕೂದಲಿಗೆಂದೇ ಕಂದು ಛಾಯೆ ಬೆರೆಸಿದ್ದು ಸಿಗುತ್ತದೆ. ಆದರೆ ಅದು ಬಿಳಿ ಸಮವಸ್ತ್ರದ ಕಾಲರಿಗೆ, ದಿಂಬಿನ ಹೊದಿಕೆಗೆ ಹತ್ತುತ್ತದೆ, ಗೊತ್ತಿರಲಿ. ನೊರೆಯ ರೂಪದ್ದೂ ಇದೆ. ಅದನ್ನು ಮತ್ತೆ ಒಣಗಿಸುತ್ತ ಕೂರಬೇಕು, ಅವಸರದವರಿಗಲ್ಲ.

ಹಣ ಹಾಕಿಯೂ ‘ಏನೂ ಪ್ರಯೋಜನವಾಗಲಿಲ್ಲ’ ಎನ್ನುವವರನ್ನು ನಾನು ಮೊದಲು ಕೇಳುವ ಪ್ರಶ್ನೆ: ತಲೆಗೆ ಎಣ್ಣೆ ಹಚ್ಚಿದ್ದಿರಾ? ನೆತ್ತಿ ತಾನಾಗಿ ಸ್ರವಿಸುವ ಜಿಡ್ಡಿಗಷ್ಟೇ ಈ ಪುಡಿ ಸಾಕಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಹಾಕಿದರೆ ಕೂದಲ ಬುಡದಲ್ಲಿ ಹಿಟ್ಟಿನ ಮುದ್ದೆಯಾಗುತ್ತದೆ. ಎಣ್ಣೆಗೆ ಸೀಗೆಕಾಯಿಯೋ ಮಾಮೂಲಿ ಶಾಂಪೂವೋ ನೀರಿನ ಜೊತೆಗೇ ಬೇಕು.

ಬಳಸುವ ರೀತಿಯಲ್ಲೂ ಗುಟ್ಟಿದೆ. ಕೂದಲು ಪೂರ್ತಿ ಜಿಡ್ಡಾದ ಮೇಲೆ ಹಾಕಬೇಡಿ. ತಲೆಸ್ನಾನ ಮಾಡಿದ ದಿನ ರಾತ್ರಿಯೇ, ಕೂದಲು ಪೂರ್ತಿ ಒಣಗಿರುವಾಗ, ಚೂರೇ ಚೂರು ಹಾಕಿ ಮಲಗಿ. ಪುಡಿ ರಾತ್ರಿಯೆಲ್ಲ ಜಿಡ್ಡು ಹೀರುತ್ತ ಇರುತ್ತದೆ, ಹೊರಳಾಟದಲ್ಲಿ ಬಿಳಿ ಮಚ್ಚೆಯೂ ಮಾಯ. ಸ್ಪ್ರೇ ಆದರೆ ಡಬ್ಬಿ ಚೆನ್ನಾಗಿ ಅಲುಗಿಸಿ, ಒಂದು ಗೇಣು ದೂರ ಹಿಡಿದು, ಮೇಲಿನ ಪದರ ಎತ್ತಿ ಅದರಡಿಯ ಬುಡಕ್ಕೆ ಎರಡು ಸೆಕೆಂಡು ಹಾಕಿ. ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ಬೆರಳ ತುದಿಯಿಂದ ತಿಕ್ಕಿ, ತಲೆ ಬಗ್ಗಿಸಿ ಬಾಚಿ. ಬೈತಲೆಯನ್ನು ಎಡದಿಂದ ಬಲಕ್ಕೆ ಬದಲಿಸಿದರೆ ಅರ್ಧ ಕೆಲಸ ಪುಕ್ಕಟೆ ಆದಂತೆ. ಒಂದು ತಲೆಸ್ನಾನಕ್ಕೂ ಇನ್ನೊಂದಕ್ಕೂ ನಡುವೆ ಎರಡು ಸಲ ಹಾಕಿದರೆ ಸಾಕು. ಹೊಟ್ಟು, ತುರಿಕೆ, ಗುಳ್ಳೆ ಇರುವ ನೆತ್ತಿಗೆ ಬೇಡವೇ ಬೇಡ.

ಸ್ಪ್ರೇ ಡಬ್ಬಿಯಲ್ಲಿ ಪುಡಿಯನ್ನು ಹೊರದೂಡುವುದು ಬ್ಯೂಟೇನ್, ಪ್ರೊಪೇನ್. ಹೌದು, ನಮ್ಮ ಅಡುಗೆ ಅನಿಲದ ಸಿಲಿಂಡರಿನಲ್ಲಿರುವುದೂ ಅವೇ. ದೇವರ ಮನೆಯ ದೀಪದ ಹತ್ತಿರ, ಒಲೆ ಉರಿಯುವ ಅಡುಗೆಮನೆಯಲ್ಲಿ ಖಂಡಿತ ಬಳಸಬಾರದು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ, ಸ್ಕೂಟರಿನ ಸೀಟಿನಡಿ ಡಬ್ಬಿ ಇಡಬಾರದು. 2022ರ ಅಕ್ಟೋಬರಿನಲ್ಲಿ ಯೂನಿಲಿವರ್ ಕಂಪನಿ ಅಮೆರಿಕದಲ್ಲಿ ಮಾರಿದ್ದ ಡವ್, ಟ್ರೆಸೆಮ್ಮೆ ಮೊದಲಾದ ಹೆಸರಿನ ಕೆಲವು ಡ್ರೈ ಶಾಂಪೂ ಸ್ಪ್ರೇಗಳನ್ನು ತಾನಾಗಿಯೇ ಹಿಂದಕ್ಕೆ ಪಡೆಯಿತು. ಅವುಗಳಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಸೇರಿರುವ ಸಾಧ್ಯತೆ ಕಂಡುಬಂದಿತ್ತು. ಅದು ಬಂದದ್ದು ಪುಡಿಯಿಂದಲ್ಲ, ದೂಡುವ ಅನಿಲದಿಂದ. ಇದೆಲ್ಲ ಯೋಚಿಸಿದರೆ ಮನೆಯಲ್ಲಿ ಮಕ್ಕಳೋ ಉಬ್ಬಸದವರೋ ಇರುವವರಿಗೆ ಅನಿಲವಿಲ್ಲದ ಬಿಡಿ ಪುಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೃದುವಾದ ಮೇಕಪ್ ಬ್ರಷ್‌ನಿಂದ ಬೈತಲೆಯ ಗುಂಟ ಸವರಿಕೊಳ್ಳಿ. ಅಂಗಡಿಯ ಕಾರ್ನ್‌ಫ್ಲೋರಿಗೆ ಚಿಟಿಕೆ ಕೋಕೋ ಪುಡಿ ಬೆರೆಸಿದರೂ ಒಂದು ಮದುವೆ ಮನೆಯ ಮಟ್ಟಿಗೆ ನಡೆಯುತ್ತದೆ. ಟಾಲ್ಕಂ ಪೌಡರ್ ಮಾತ್ರ ಬೇಡ, ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನು ಕೊನೆಗೆ ಎಂದು ಇಟ್ಟುಕೊಂಡ ಮಾತು. ಮೊದಲು ದಟ್ಟವಾಗಿದ್ದ ಕೂದಲು ಈಗ ಚಪ್ಪಟೆಯಾಗಿದೆಯೇ? ಬೈತಲೆ ಅಗಲವಾಗುತ್ತಿದೆಯೇ? ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕುತ್ತಿದ್ದಲ್ಲಿ ಮೂರು ಸುತ್ತು ಬೇಕಾಗುತ್ತಿದೆಯೇ? ಹಾಗಿದ್ದರೆ ಅದು ಜಿಡ್ಡಿನ ಸಮಸ್ಯೆಯಲ್ಲ. ಪುಡಿ ಹಾಕಿ ಎಬ್ಬಿಸಿದರೆ ಆರು ತಿಂಗಳು ನಿಮ್ಮ ಕಣ್ಣಿಗೇ ಮರೆಯಾಗಿರುತ್ತದೆ, ಅಷ್ಟೇ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಏರುಪೇರು ನಮ್ಮ ಹೆಣ್ಣುಮಕ್ಕಳಲ್ಲಿ ಅಪರೂಪವೇನಲ್ಲ. ಎರಡನ್ನೂ ರಕ್ತ ಪರೀಕ್ಷೆಯಲ್ಲಿ ಹಿಡಿಯಬಹುದು, ಎರಡಕ್ಕೂ ಔಷಧವಿದೆ. ಹತ್ತನೇ ತರಗತಿಯ ಮಗಳು ‘ಕೂದಲು ಚೆನ್ನಾಗಿ ಕಾಣಲ್ಲ ಅಮ್ಮಾ’ ಎಂದು ಸ್ಪ್ರೇ ಕೇಳಿದರೆ, ಗದರುವ ಮೊದಲು ಅವಳ ಬೈತಲೆಯನ್ನೊಮ್ಮೆ ಬೆಳಕಿನಲ್ಲಿ ನೋಡಿ. ಅವಳು ಬೇಗ ಸುಸ್ತಾಗುತ್ತಾಳೆಯೇ, ತಿಂಗಳ ಸ್ರಾವ ಹೆಚ್ಚಿದೆಯೇ ಎಂದು ಕೇಳಿ.

ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರುವುದುಂಟು. ಹೆರಿಗೆಯಾಗಿ ಮೂರು ತಿಂಗಳ ಹೊತ್ತಿಗೆ ಎಷ್ಟೋ ತಾಯಂದಿರಿಗೆ ಹೀಗೇ ಆಗುತ್ತದೆ. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಆ ನಡುವಿನ ದಿನಗಳಲ್ಲಿ, ತಲೆ ತೊಳೆಯಲೂ ಬಿಡುವಿಲ್ಲದ ಆ ತಾಯಿಗೆ, ಚೂರು ಪುಡಿ ನಿಜಕ್ಕೂ ಉಪಕಾರಿ. ಮಗುವನ್ನು ಎತ್ತಿಕೊಂಡಿರುವಾಗ ಮಾತ್ರ ಹಾಕಿಕೊಳ್ಳಬೇಡಿ. ಬೇರೆ ಕೋಣೆಗೆ ಹೋಗಿ, ಕಿಟಕಿ ತೆರೆದು ಹಾಕಿಕೊಂಡು, ಕೈ ತೊಳೆದು ಬನ್ನಿ.