ಎಣ್ಣೆ ಬಿಟ್ಟರೂ ಟ್ರೈಗ್ಲಿಸರೈಡ್ ಇಳಿಯುವುದಿಲ್ಲ ಏಕೆ?

ಕೊಲೆಸ್ಟರಾಲ್ ಇದ್ದವರು ಎಣ್ಣೆ, ತುಪ್ಪ, ಶೇಂಗಾ ಬಿಟ್ಟರೆ ಸಾಕು. ಅನ್ನ, ಅವಲಕ್ಕಿ, ಬೆಲ್ಲ ಎಷ್ಟು ತಿಂದರೂ ಚಿಂತೆಯಿಲ್ಲ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಅಕ್ಕಿ, ಬೆಲ್ಲದಲ್ಲಿ ಕೊಲೆಸ್ಟರಾಲ್ ಇಲ್ಲ ಎಂಬುದು ನಿಜ. ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪು.

ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಹಲವು ಅಂಕಿಗಳಿರುತ್ತವೆ. ತುಪ್ಪ, ಬೆಣ್ಣೆ, ವನಸ್ಪತಿ ಹೆಚ್ಚಾದರೆ ಮುಖ್ಯವಾಗಿ ಏರುವುದು ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟರಾಲ್. ಸಕ್ಕರೆ, ಮೈದಾ, ಬಿಳಿ ಅಕ್ಕಿ ಮಿತಿಮೀರಿದರೆ ಏರುವುದು ಟ್ರೈಗ್ಲಿಸರೈಡ್. ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ, ಪಿಷ್ಟ ಒಳಗೆ ಹೋದಾಗ ಯಕೃತ್ತು ಅದರಲ್ಲಿ ಒಂದಿಷ್ಟನ್ನು ಕೊಬ್ಬಾಗಿ ಬದಲಿಸಿ, ಸಣ್ಣ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಜೊತೆಗೆ 'ಒಳ್ಳೆಯ' ಎಚ್‌ಡಿಎಲ್ ಇಳಿಯುತ್ತದೆ. ಬೆಲ್ಲಕ್ಕೆ ಇಲ್ಲಿ ರಿಯಾಯಿತಿ ಇಲ್ಲ. ಅದರಲ್ಲಿರುವುದೂ ಬಹುಪಾಲು ಸಕ್ಕರೆಯೇ.

ನಮ್ಮ ದೇಶದಲ್ಲಿ ಈ ಎರಡನೆಯ ತೊಂದರೆಯೇ ಜಾಸ್ತಿ. ಮೂರು ರಾಜ್ಯಗಳು ಮತ್ತು ಚಂಡೀಗಢದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದಲ್ಲಿ ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ಶೇ. 13.9, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5, ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ ಎಂದು ಇದೇ ಸರಣಿಯ 2025ರ ವರದಿ ಹೇಳಿದೆ.

ಹಾಗಾದರೆ ರೊಟ್ಟಿ ಬಿಡಬೇಕೇ? ಮಹಾಕೂಟ ನೋಡಿಕೊಂಡು ಬನಶಂಕರಿಗೆ ಹೋದವರು ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಬಳಿ ಉಂಡಿರುತ್ತೀರಿ: ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಜೋಳವೂ ಕಾರ್ಬೋಹೈಡ್ರೇಟೇ. ಆದರೆ ಅದರಲ್ಲಿ ನಾರಿದೆ, ಕಾಳಿನಲ್ಲಿ ಪ್ರೋಟೀನ್ ಇದೆ, ಶೇಂಗಾದ ಕೊಬ್ಬು ಬಹುಪಾಲು ಅಪರ್ಯಾಪ್ತ, ಅಂದರೆ ಎಲ್‌ಡಿಎಲ್ ಏರಿಸದ ಬಗೆಯದು. ಫಾರ್ವರ್ಡ್ ನಂಬಿ ಈ ತಟ್ಟೆಯಿಂದ ಶೇಂಗಾ ತೆಗೆದು ಇನ್ನೊಂದು ಬಟ್ಟಲು ಅನ್ನ ಬಡಿಸಿಕೊಂಡರೆ ಲಾಭವಿಲ್ಲ, ನಷ್ಟವೇ. ಹಾಗಂತ ಎರಡರ ಜಾಗದಲ್ಲಿ ಆರು ರೊಟ್ಟಿ ಉಂಡರೆ ಲೆಕ್ಕ ಬೇರೆ. ನಿಜವಾಗಿ ಎಣಿಸಬೇಕಾದದ್ದು ದಿನಕ್ಕೆ ನಾಲ್ಕೈದು ಸಲದ ಸಕ್ಕರೆ ಚಹಾ, ಬಿಸ್ಕೆಟ್, ಸಂಜೆಯ ಚುರುಮುರಿ. ಅಮೀನಗಡದ ಕರದಂಟಿನಲ್ಲಿ ಗೋಡಂಬಿ, ಅಂಟು ಇದೆ ಸರಿ, ಬೆಲ್ಲವೂ ಇದೆ. (ಒಂದು ತುಂಡಿಗೆ ನಮ್ಮ ತಕರಾರಿಲ್ಲ.)

ಇತ್ತೀಚೆಗೆ ಇದರ ಉಲ್ಟಾ ಸಂದೇಶವೂ ಓಡಾಡುತ್ತಿದೆ: ತಪ್ಪೆಲ್ಲ ಅನ್ನ, ಸಕ್ಕರೆಯದು, ತುಪ್ಪ ಬೇಕಾದಷ್ಟು ತಿನ್ನಿ, ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿ ಎಂದು. ಇದು ಹೆಚ್ಚು ಅಪಾಯದ್ದು. ಹೃದಯದ ರಕ್ತನಾಳ ಕಟ್ಟುವುದರಲ್ಲಿ ಎಲ್‌ಡಿಎಲ್‌ನ ಪಾತ್ರ ಸಾಬೀತಾಗಿದೆ. ಈಗಾಗಲೇ ಹೃದಯಾಘಾತವಾದವರು ಸ್ಟ್ಯಾಟಿನ್ ಮಾತ್ರೆಯನ್ನು ತಾವಾಗಿ ಬಿಟ್ಟರೆ ಮತ್ತೊಂದು ಆಘಾತದ ಸಾಧ್ಯತೆ ಹೆಚ್ಚುತ್ತದೆ.

ಮನೆಯಲ್ಲಿರುವ ವರದಿ ತೆಗೆದು ನೋಡಿ. ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಸರಿ. 200 ದಾಟಿದ್ದರೆ ಸಕ್ಕರೆ, ಮದ್ಯ ಮೊದಲು ಇಳಿಸಬೇಕು; ಮಧುಮೇಹ, ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು. 500 ದಾಟಿದ್ದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿರುವುದರಿಂದ ಪಥ್ಯವೊಂದನ್ನೇ ನಂಬಿ ಕಾಯದೆ ಬೇಗ ವೈದ್ಯರನ್ನು ಕಾಣಿ.