ಕೊಪ್ಪಳದ ಕರಿಬೂದಿ, ದಿಲ್ಲಿಯ ನಕ್ಷತ್ರ

ಕೇಂದ್ರದ ಉಕ್ಕು ಸಚಿವಾಲಯವು 2024ರ ಡಿಸೆಂಬರಿನಲ್ಲಿ ‘ಹಸಿರು ಉಕ್ಕು’ ಎಂದರೇನೆಂಬುದನ್ನು ವ್ಯಾಖ್ಯಾನಿಸಿತು. ಒಂದು ಟನ್ ಸಿದ್ಧ ಉಕ್ಕಿಗೆ ಹೊರಬೀಳುವ ಇಂಗಾಲಾನಿಲವು 2.2 ಟನ್ನಿಗಿಂತ ಕಡಿಮೆಯಿದ್ದರೆ ಅದು ಹಸಿರು, 1.6ಕ್ಕಿಂತಲೂ ಕೆಳಗಿಳಿದರೆ ಐದು ನಕ್ಷತ್ರಗಳ ಮನ್ನಣೆ. ಆಮದು ಉಕ್ಕಿನ ಮೇಲೆ ಐರೋಪ್ಯ ಒಕ್ಕೂಟವು ವಿಧಿಸಹೊರಟ ಇಂಗಾಲ ಸುಂಕದ ಭಯವೂ ಈ ಉತ್ಸಾಹದ ಹಿಂದಿರಬೇಕು. ಇರಲಿ, ಅಳತೆಗೋಲೊಂದು ಬಂದದ್ದು ಒಳ್ಳೆಯದೇ. ಆದರೆ ಕಾರ್ಖಾನೆಯ ಬೇಲಿಯಾಚೆಗಿನ ಊರಿಗೆ ಆ ಕೋಲಿನಲ್ಲಿ ಒಂದು ಗೆರೆಯೂ ಇಲ್ಲವೆಂಬುದು ನನ್ನ ಆಕ್ಷೇಪ.

ಕೊಪ್ಪಳವನ್ನೇ ನೋಡಿ. ಗಿಣಿಗೇರಿ, ಹಿರೇಬಗನಾಳಗಳ ಆಸುಪಾಸಿನಲ್ಲಿ ಮೆದುಕಬ್ಬಿಣದ, ಅಂದರೆ ಸ್ಪಾಂಜ್ ಐರನ್ನಿನ ಕಾರ್ಖಾನೆಗಳಿವೆ. ಅದಿರನ್ನು ಕಲ್ಲಿದ್ದಲಿನೊಡನೆ ತಿರುಗುವ ಕುಲುಮೆಯಲ್ಲಿ ಕಾಯಿಸಿ, ಕರಗಿಸದೆಯೇ ಅದರೊಳಗಿನ ಆಮ್ಲಜನಕವನ್ನು ಕಳೆಯುವ ವಿಧಾನವಿದು. ಧೂಳು ಹಿಡಿಯುವ ಯಂತ್ರವಿರುತ್ತದೆ. ಅದಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ದುಡ್ಡು ಬೇಕು. ಇರುಳಾದೊಡನೆ ಯಂತ್ರ ಮಲಗುತ್ತದೆಂಬ ದೂರು ಇಂಥ ಕಾರ್ಖಾನೆಗಳಿರುವ ಕಡೆಗಳಲ್ಲೆಲ್ಲ ಕೇಳಿಬರುವಂಥದೇ. ಪಟ್ಟಣದ ಮಗ್ಗುಲಿಗೇ ಬೃಹತ್ ಉಕ್ಕಿನ ಕಾರ್ಖಾನೆಯೊಂದು ಬರುವುದೆಂದಾಗ, 2025ರ ಫೆಬ್ರವರಿ 24ರಂದು ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಊರಿಗೆ ಊರೇ ಬೀದಿಗಿಳಿಯಿತು.

ಇವರ ಕ್ಷೇಮಕ್ಕೆ ಕಾನೂನು ಏನು ಮಾಡಿದೆ? 2015ರ ಗಣಿ ಕಾಯಿದೆಯ ತಿದ್ದುಪಡಿಯು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಹುಟ್ಟುಹಾಕಿತು. ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ, ಹಳೆಯ ಗುತ್ತಿಗೆಯಾದರೆ ಅದರ ಶೇಕಡ 30ರಷ್ಟು, ಹರಾಜಿನದಾದರೆ 10ರಷ್ಟು ಹಣವನ್ನು ಇದಕ್ಕೆ ಕೊಡಬೇಕು. ಅದಿರನ್ನು ತೊಳೆದು ಹಸನುಮಾಡುವ ಜಾಗವೂ ಬಾಧಿತ ಪ್ರದೇಶದ ಲೆಕ್ಕಕ್ಕೆ ಬರುತ್ತದೆ. ಅದೇ ಅದಿರನ್ನು ಸುಡುವ ಕುಲುಮೆ ಬರುವುದಿಲ್ಲ! ಹೀಗಾಗಿ ಸಂಡೂರಿನ ಗುಡ್ಡ ಅಗೆದರೆ ಹಣ ಸೇರುವುದು ಬಳ್ಳಾರಿಯ ಪ್ರತಿಷ್ಠಾನಕ್ಕೆ. ಆ ಅದಿರು ಕೊಪ್ಪಳಕ್ಕೆ ಬಂದು ಹೊಗೆಯಾದರೆ, ಹೊಗೆ ಮಾತ್ರ ಕೊಪ್ಪಳಕ್ಕೆ.

ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಇದೆಯಲ್ಲ ಎನ್ನುವವರುಂಟು. 2013ರ ಕಂಪನಿ ಕಾಯಿದೆಯ ಆ ಶೇಕಡ ಎರಡು, ಲಾಭದ ಮೇಲಿನದು. ಲಾಭವಿಲ್ಲದ ವರ್ಷ ಧೂಳೇನು ಕಡಿಮೆಯಾದೀತೆ? ಖರ್ಚನ್ನು ತೀರ್ಮಾನಿಸುವುದೂ ಕಂಪನಿಯ ಆಡಳಿತ ಮಂಡಳಿಯೇ. ಶಾಲೆಯ ಗೋಡೆಗೆ ಬಣ್ಣ ಬಳಿದು ಕಂಪನಿಯ ಹೆಸರು ಬರೆಸುವುದನ್ನು ಪರಿಹಾರವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಉದ್ಯೋಗದ ಪ್ರಶ್ನೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಹೊಟ್ಟೆಪಾಡಿಗಾಗಿಯೇ ನಾಡು ಬಿಟ್ಟು ಬಂದ ನಾವು ಅದನ್ನು ಹಗುರಾಗಿ ಆಡಲಾಗದು. ಆದರೆ ಆ ಸೀಮೆಯ ಹಳೆಯ ಅನ್ನದಾತೆ ತುಂಗಭದ್ರೆ. 133 ಟಿಎಂಸಿಯ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಕುಗ್ಗಿರುವಾಗ, ರೈತನ ಎರಡನೆಯ ಬೆಳೆಗೂ ಕಾರ್ಖಾನೆಗೂ ಒಂದೇ ಕೊಡದಿಂದ ನೀರು ಹಂಚಬೇಕಾಗಿದೆ.

ಕುಲುಮೆಗೆ ಬಿದ್ದ ಪ್ರತಿ ಟನ್ ಅದಿರಿಗೂ ಒಂದು ಸಣ್ಣ ಮೊತ್ತ, ಕುಲುಮೆಯಿರುವ ಜಿಲ್ಲೆಯ ಪ್ರತಿಷ್ಠಾನಕ್ಕೇ ಸಲ್ಲುವಂತಾಗಬೇಕು. ನಕ್ಷತ್ರ ಕೊಡುವ ಮುನ್ನ ಸುತ್ತಲಿನ ಹಳ್ಳಿಗಳ ಗಾಳಿಯ ಮಾಪನವನ್ನೂ ನೀರಿನ ಲೆಕ್ಕವನ್ನೂ ಕೇಳಬೇಕು. ಆ ಅಂಕಿಗಳನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಬೇಕು. ಉಕ್ಕನ್ನು ಕೊಳ್ಳುವ ಮಹಾನಗರಗಳಲ್ಲಿ ಕುಳಿತ ನಮ್ಮ ಸಂಘಗಳು ಈ ಬೇಡಿಕೆಯನ್ನು ದಿಲ್ಲಿಗೆ ಬರೆದು ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ.